ಇಲ್ಲಿ ಬೆಳಕು ಚೆನ್ನಾಗಿದೆ

...ಅಯ್ಯೋ, ಹಾಗೆ ಮಗುಚಬೇಡಿ! ಅಂಚು ಹಿಡ್ಕೊಳ್ಳಿ ಯಜಮಾನ್ರೇ, ಅಂಚು! ಆ ಚಿತ್ರದ ಬಣ್ಣ ಇನ್ನೂ ಹಸಿ ಇದೆ. ಉಳಿದ ಎಂಟೂ ಒಣಗಿ ಕಟ್ಟಿಗೆ ಆಗಿವೆ, ಬೇಕಾದ್ರೆ ಮೇಲೆ ಕೂತು ಟೀ ಕುಡೀರಿ. ಇಲ್ಲ ಇಲ್ಲ, ತಮಾಷೆಗೆ ಅಂದೆ. ಕೂತೀರಿ ಮತ್ತೆ!

ಒಟ್ಟು ಒಂಬತ್ತು. ಎಣಿಸ್ಕೊಂಡ್ರಾ? ಒಂಬತ್ತಕ್ಕೂ ಚೌಕಟ್ಟು ಆಗ್ಬೇಕು, ಶನಿವಾರ ಸಂಜೆಯೊಳಗೆ. ಸೋಮವಾರ ಬೆಳಗ್ಗೆ ರೈಲ್ವೆ ಸ್ಟೇಷನ್ನಿನ ದೊಡ್ಡ ಹಾಲಿನಲ್ಲಿ ತೂಗುಹಾಕ್ಬೇಕು, ಟಿಕೆಟ್ ಕಿಟಕಿ ಎದುರಿನ ಗೋಡೆಗೆ. ಹತ್ತು ದಿನ ಕೊಟ್ಟಿದ್ದಾರೆ. ಸುಮ್ಮನೆ ಕೊಟ್ರು ಅಂದ್ಕೊಂಡ್ರಾ? ಮೂರು ಸಲ ಹೋಗಿ ಸ್ಟೇಷನ್ ಮಾಸ್ತರನ್ನ ಕಾಡಿದೆ. ನಾಲ್ಕನೇ ಸಲ ಬಾಗಿಲಲ್ಲಿ ನನ್ನ ಕಂಡಿದ್ದೇ ತಡ, 'ತಗೊಳ್ಳಮ್ಮ ಗೋಡೆ, ನನ್ನೊಬ್ಬನ್ನ ಬಿಟ್ಟುಬಿಡು' ಅಂತ ಕೈ ಮುಗಿದುಬಿಟ್ರು.

ಯಾಕೆ ನಗ್ತೀರಿ? ಚಿತ್ರಶಾಲೆ ಬಿಟ್ಟು ಸ್ಟೇಷನ್ನಾ ಅಂತ ತಾನೇ? ಚಿತ್ರಶಾಲೆಗೆ ಯಾರ್ರೀ ಬರ್ತಾರೆ! ಇನ್ನೊಬ್ಬ ಚಿತ್ರಗಾರ ಬರ್ತಾನೆ, ಹೊಟ್ಟೆ ಉರಿಸ್ಕೊಂಡು ಹೋಗ್ತಾನೆ, ಅಷ್ಟೇ. ಸ್ಟೇಷನ್ನಿಗೆ ಊರಿಗೆ ಊರೇ ಬರುತ್ತೆ. ವಕೀಲನೂ ಬರ್ತಾನೆ, ಜೇಬುಗಳ್ಳನೂ ಬರ್ತಾನೆ. ರೈಲು ತಡ ಆದ್ರೆ ಏನು ಮಾಡ್ತಾರೆ? ಗೋಡೆ ನೋಡ್ತಾರೆ. ನನಗೆ ಬೇಕಾಗಿರೋದೂ ಅದೇ. ಇಡೀ ಊರು ನೋಡ್ಬೇಕು. ಒಬ್ಬರಾದ್ರೂ ನಿಂತು ಬೆರಳು ತೋರಿಸ್ಬೇಕು... ಇರ್ಲಿ ಬಿಡಿ. ನೀವು ಅಳತೆ ತಗೊಳ್ಳಿ.

ಹೂಂ, ಈ ಊರಿಗೆ ಹೊಸಬಳೇ ನಾನು. ಮಾತಲ್ಲೇ ಗೊತ್ತಾಯ್ತಾ? ಬಂದು ನಾಲ್ಕು ತಿಂಗಳು. ಇಸ್ತ್ರಿ ಅಂಗಡಿ ಮೇಲಿನ ಕೋಣೆ ಹಿಡಿದಿದ್ದೀನಿ. ನೆಲ ಯಾವಾಗ್ಲೂ ಬೆಚ್ಚಗಿರುತ್ತೆ, ಬಣ್ಣ ಬೇಗ ಒಣಗುತ್ತೆ, ಬಟ್ಟೆಗೆಲ್ಲ ಸುಟ್ಟ ಗಂಜಿ ವಾಸನೆ. ಬಂದಿದ್ದು ಚಿತ್ರ ಹುಡುಕ್ಕೊಂಡು. ಹೊಸ ಊರು, ಹೊಸ ಕಣ್ಣು. ಆರು ಗಂಟೆಗೆ ಎದ್ದು ಹೊರಟ್ರೆ ಮೊದಲ ತಿರುವಿಗೆ ಬಲಕ್ಕೆ, ಎರಡನೇದಕ್ಕೆ ಎಡಕ್ಕೆ. ನಕ್ಷೆ ಇಲ್ಲ, ಗೊತ್ತು ಗುರಿ ಇಲ್ಲ. ಕಾಲು ಎಲ್ಲಿ ನಿಲ್ಲುತ್ತೋ ಅಲ್ಲಿ ಪುಸ್ತಕ ತೆಗೀತೀನಿ.

ನಿಮ್ಮ ಆ ಕಬ್ಬಿಣದ ಸೇತುವೆ ಇದೆಯಲ್ಲ, ಅದರ ಕೆಳಗೆ ದೋಣಿ ಮಗುಚಿ ಹಾಕ್ಕೊಂಡು ಟಾರು ಬಳೀತಾರೆ ನೋಡಿ. ಬೆಳಗ್ಗೆ ಎಂಟೂಕಾಲಿಗೆ ಬಿಸಿಲು ಸರಳುಗಳ ಮಧ್ಯದಿಂದ ಇಳಿದು ಅವರ ಬೆನ್ನ ಮೇಲೆ ಗೀಟು ಗೀಟಾಗಿ ಬೀಳುತ್ತೆ. ಬೆನ್ನೆಲ್ಲ ಕಾಪಿ ಪುಸ್ತಕ! ಹತ್ತೇ ನಿಮಿಷ. ಆಮೇಲೆ ಏನೂ ಇಲ್ಲ, ಬರೀ ಬೆವರಿದ ಬೆನ್ನು. ನೋಡಿದ್ದೀರಾ? ಇಲ್ಲ ಅಲ್ವಾ? ನಲವತ್ತು ವರ್ಷದಿಂದ ಇಲ್ಲೇ ಇದ್ದೀರಿ! ಊರಿನವರು ಊರು ನೋಡಲ್ಲ ಯಜಮಾನ್ರೇ. ಹೊರಗಿನವರೇ ಬಂದು ನೋಡ್ಬೇಕು. ಬೀಗದ ಕೈ ಮಾಡೋರ ಓಣೀಲಿ ಒಬ್ಬಳು ಅಜ್ಜಿ ಇದ್ದಾಳೆ, ಕೀಲಿ ಉಜ್ಜೋ ಯಂತ್ರದ ಸದ್ದಿಗೇ ಮೊಮ್ಮಗುವನ್ನ ಮಲಗಿಸ್ತಾಳೆ. ಯಂತ್ರ ನಿಂತ್ರೆ ಮಗು ಕಿಟಾರ್ ಅನ್ನುತ್ತೆ! ಇಂಥದ್ದೆಲ್ಲ ಮನೇಲಿ ಕೂತವರಿಗೆ ಸಿಗುತ್ತಾ? ಚಿತ್ರ ಮನೇಲಿ ಸಿಗಲ್ಲ, ಕಾಲಲ್ಲಿ ಸಿಗುತ್ತೆ. ಈ ಮಾತು ನನ್ನದಲ್ಲ. ಯಾರದ್ದು ಅಂತ ಆಮೇಲೆ ಹೇಳ್ತೀನಿ.

ಅದಾ? ಅದನ್ನ ಮುಟ್ಟಬೇಡಿ, ಕೊಡಿ ಇಲ್ಲಿ. ಅದು ಚಿತ್ರದ ಪುಸ್ತಕ ಅಲ್ಲ. ಬೀದಿಗಳ ಹೆಸರು. ನಡೆದು ಮುಗಿಸಿದ್ದಕ್ಕೆಲ್ಲ ಗೀಟು ಹಾಕಿದ್ದೀನಿ. ಯಾಕೆ ಅಂದ್ರೆ... ಯಾಕೆ ಅಂದ್ರೆ ಶಿಸ್ತು! ಗೊತ್ತು ಗುರಿ ಇಲ್ಲ ಅಂದೆ, ನಿಜ. ಅದಕ್ಕೂ ಒಂದು ಶಿಸ್ತು ಬೇಡವಾ? ಇನ್ನು ನಲವತ್ತಾರು ಬೀದಿ ಉಳಿದಿವೆ.

ಏನಂದ್ರಿ? ಬೇಡ. ದಯವಿಟ್ಟು 'ಮಗಳೇ' ಅನ್ನಬೇಡಿ. ನೀವು ಪ್ರೀತಿಯಿಂದಲೇ ಅಂದ್ರಿ, ಗೊತ್ತು. ಆದ್ರೂ ಆ ಪದ ನನ್ನ ಕಿವಿಗೆ ಆಗಿಬರಲ್ಲ. 'ಏ ಬಣ್ಣದವಳೇ' ಅನ್ನಿ, ಓಗೊಡ್ತೀನಿ.

ಈಗ ನೋಡಿ. ಅಳತೆಪಟ್ಟಿ ಕೆಳಗಿಟ್ಟು ಸರಿಯಾಗಿ ನೋಡಿ. ಇದು ಕ್ಷೌರದಂಗಡಿ. ಕುರ್ಚಿ ಮೇಲೆ ಕೂತವನಿಗೆ ಅರ್ಧ ಮುಖ ಹೆರೆದಿದೆ, ಅರ್ಧ ಮುಖ ನೊರೆ. ಕ್ಷೌರಿಕ ಕತ್ತಿ ಹಿಡ್ಕೊಂಡೇ ಬೀದಿ ಜಗಳ ನೋಡೋಕೆ ಓಡಿಹೋಗಿದ್ದಾನೆ. ಇವನು ಹಾಗೇ ಕೂತಿದ್ದಾನೆ, ಎದ್ದು ಹೋಗೋ ಹಾಗೂ ಇಲ್ಲ! ಹ್ಹ! ನಕ್ರಲ್ಲ ನೀವು! ನಗ್ಬೇಕು. ನಗ್ಲಿ ಅಂತಲೇ ಬರೆದಿದ್ದು. ಇದು ಬಸ್ ನಿಲ್ದಾಣ. ಟಿಕೆಟ್ ಇಲ್ಲದವನನ್ನ ಕಂಡಕ್ಟರ್ ಕತ್ತಿನ ಪಟ್ಟಿ ಹಿಡಿದು ಇಳಿಸ್ತಿದ್ದಾನೆ. ಇದು ಕಸಾಯಿಖಾನೆ ಹಿಂದಿನ ಗೋಡೆ, ನಾಯಿ ಪ್ಯಾಂಟು ಹಿಡಿದು ಎಳೀತಿದೆ. ಇದು ಬಟ್ಟೆ ಒಗೆಯೋ ಕಾರ್ಖಾನೆ ಅಂಗಳ. ಒದ್ದೆ ದುಪ್ಪಟಿಗಳ ಮಧ್ಯೆ ಸಿಕ್ಕಿಹಾಕ್ಕೊಂಡು ದಾರಿ ಕಾಣದೆ ಕೈ ಬಡೀತಿದ್ದಾನೆ, ಹೆಂಗಸರೆಲ್ಲ ಸೊಂಟದ ಮೇಲೆ ಕೈ ಇಟ್ಕೊಂಡು ಮಜಾ ನೋಡ್ತಿದ್ದಾರೆ.

ಆಂ... ಗೊತ್ತಾಯ್ತಾ? ಗೊತ್ತಾಯ್ತು! ನಿಮ್ಮ ಕಣ್ಣು ಕಣ್ಣು ಅಂದ್ರೆ. ಹೌದು. ಒಬ್ಬನೇ. ಒಂಬತ್ತರಲ್ಲೂ ಅವನೇ. ಬೀದಿ ನಿಮ್ಮ ಊರಿನದು, ಬೆಳಕು ನಿಮ್ಮ ಊರಿನದು, ಕಂಡಕ್ಟರ್, ನಾಯಿ, ಅಗಸಗಿತ್ತಿಯರು ಎಲ್ಲ ನಿಮ್ಮೂರವರೇ. ಅವನೊಬ್ಬನನ್ನ ಮಾತ್ರ ನಾನು ತಂದು ಕೂರಿಸಿದ್ದೀನಿ.

ಯಾರು ಅಂತೀರಾ? ನನ್ನ ಗುರುಗಳು! ಗುರುದಕ್ಷಿಣೆ ಕೊಡ್ತಿದ್ದೀನಿ, ಒಂಬತ್ತು ಕಂತು.

ಇಲ್ಲ, ಕೋಪ ಏನಿಲ್ಲ. ನನಗ್ಯಾಕೆ ಕೋಪ? ಇಪ್ಪತ್ತೆರಡು ವರ್ಷ ಆಯ್ತು. ಒಂಬತ್ತು ವರ್ಷದವಳು ನಾನಾಗ. ಪೆನ್ಸಿಲ್ ಹಿಡಿಯೋದು ಅವರೇ ಕಲಿಸಿದ್ದು, ಅಲ್ಲ ಅನ್ನಲ್ಲ. ಲೋಟ ಬರೀಬೇಕಾದ್ರೆ ಲೋಟ ನೋಡ್ಬೇಡ, ಲೋಟದ ಸುತ್ತ ಇರೋ ಗಾಳಿ ನೋಡು ಅನ್ನೋರು. ಬೆಳಗ್ಗೆ ಸ್ನಾನ ಮಾಡಿ ಬಂದು, ಒದ್ದೆ ತಲೇಲೇ ನನ್ನ ಪಕ್ಕ ಕೂತು ಗೆರೆ ತಿದ್ದೋರು. ಕಾಗದದ ಮೇಲೆ ನೀರು ತೊಟ್ಟಿಕ್ಕೋದು. ಊಟಕ್ಕೆ ಕರೆದ್ರೆ ಬರ್ತಿರಲಿಲ್ಲ, ಅಮ್ಮ ತಟ್ಟೆ ಮುಚ್ಚಿಟ್ಟು ಕಾಯ್ತಾ...

ಯಾಕೆ ಹುಬ್ಬು ಏರಿಸ್ತೀರಿ? ಗುರುಗಳು ನಮ್ಮ ಮನೇಲೇ ಇದ್ರು. ಮಹಡಿ ಕೋಣೇಲಿ. ಬಾಡಿಗೆಗೆ. ಬಾಡಿಗೆಗೆ ಇದ್ದವರಿಗೆ ಊಟ ಹಾಕ್ಬಾರದಾ? ಆಗೆಲ್ಲ ಹಂಗೇ ಇತ್ತು ಕಾಲ.

ಒಂದು ದಿನ, ಮಂಗಳವಾರ, ಪಾಠ ಅರ್ಧ ಆಗಿತ್ತು. ನನ್ನ ಹತ್ರ ಕುರ್ಚಿ ಬರೆಸ್ತಿದ್ರು. ಮೂರು ಕಾಲು ಬಂದಿತ್ತು, ನಾಲ್ಕನೇ ಕಾಲು ಎಲ್ಲಿ ಊರಬೇಕು ಅಂತ ಗೊತ್ತಾಗ್ಲಿಲ್ಲ ನನಗೆ. ಅವರು ಎದ್ರು. ಕಿಟಕಿ ಹತ್ರ ಹೋಗಿ ಹೊರಗೆ ನೋಡಿದ್ರು. 'ಸ್ವಲ್ಪ ಸುತ್ತಾಡಿ ಬರ್ತೀನಿ, ಚಿತ್ರ ಮನೇಲಿ ಸಿಗಲ್ಲ' ಅಂದ್ರು. ಹೋದ್ರು. ಅಷ್ಟೇ! ನಾನು ನಾಲ್ಕನೇ ಕಾಲು ಹತ್ತು ಸಲ ಬರೆದೆ, ಹತ್ತು ಸಲ ಅಳಿಸಿದೆ. ಕಾಗದ ತೂತು ಬಿತ್ತು. ಮನುಷ್ಯ ಬರ್ಲಿಲ್ಲ.

ಹೋಗೋದು ಹೋದ್ರು, ಕೈಯಲ್ಲಿ ಏನು ಹಿಡ್ಕೊಂಡು ಹೋದ್ರು ಗೊತ್ತಾ? ನನ್ನ ಬಣ್ಣದ ಪೆಟ್ಟಿಗೆ! ಶಾಲೇಲಿ ನನಗೆ ಬಹುಮಾನ ಬಂದಿದ್ದು, ಹದಿನೆಂಟು ಬಣ್ಣ, ಇನ್ನೂ ನೀಲಿ ಮುಟ್ಟಿರಲಿಲ್ಲ. ನೀಲಿ ಕೊನೆಗೆ ಅಂತ ಇಟ್ಟಿದ್ದೆ. ಹೆಂಡ್ತಿ ಮಕ್ಕಳನ್ನ ಬಿಟ್ಟುಹೋಗೋ ಗಂಡಸರು ಬೇಕಾದಷ್ಟು ಜನ ಇದ್ದಾರೆ ಯಜಮಾನ್ರೇ, ಒಂಬತ್ತು ವರ್ಷದ ಹುಡುಗಿ ಬಣ್ಣ ಕದ್ದು ಓಡಿದವನನ್ನ ಕೇಳಿದ್ದೀರಾ?

...ಹೆಂಡ್ತಿ ಮಕ್ಕಳು ಅಂತ ಯಾಕಂದೆ? ಮಾತಿಗೆ ಅಂದೆ. ಮಾತಿಗೆ ಬರುತ್ತಪ್ಪ. ನೀವೊಬ್ರು! ಮರದ ಪಟ್ಟಿ ಕೊಯ್ಯೋದು ಬಿಟ್ಟು ನನ್ನ ಮಾತು ಕೊಯ್ತಾ ಕೂತಿದ್ದೀರಿ.

ಇಲ್ಲಿಗೇ ಯಾಕೆ ಬಂದೆ ಅಂದ್ರೆ, ಕಾಗದ ಸಿಕ್ತು. ಐದು ತಿಂಗಳ ಹಿಂದೆ ಅಮ್ಮ ಹೋದ್ಲು. ಇಪ್ಪತ್ತು ವರ್ಷ ಆಸ್ಪತ್ರೆ ದುಪ್ಪಟಿಗೆ ಅಂಚು ಹೊಲಿದು ಹೊಲಿದು, ಕೊನೆಗೆ ಅಂಥದ್ದೇ ಒಂದು ದುಪ್ಪಟಿ ಹೊದ್ದು ಹೋದ್ಲು. ಹೊಲಿಗೆ ಯಂತ್ರದ ಡ್ರಾಯರ್‌ನಲ್ಲಿ, ಬಾಬಿನ್‌ಗಳ ಕೆಳಗೆ ಒಂದು ಲಕೋಟೆ. ಹದಿನಾರು ವರ್ಷ ಹಳೇದು. ಮೇಲೆ ನಿಮ್ಮ ಊರಿನ ಮುದ್ರೆ. ಒಳಗೆ ಅವರ ಕೈಬರಹದಲ್ಲಿ ಎರಡೇ ಸಾಲು: 'ಇಲ್ಲಿ ಬೆಳಕು ಚೆನ್ನಾಗಿದೆ. ದಿನಾ ಸುತ್ತಾಡ್ತೀನಿ.'

ಬೆಳಕು ಚೆನ್ನಾಗಿದೆಯಂತೆ! ನಮ್ಮ ಮನೇಲಿ ಕರೆಂಟು ಕಿತ್ತುಹಾಕಿದ ವರ್ಷ ಅದು. ಅಮ್ಮ ಬೀದಿ ದೀಪದ ಕಂಬಕ್ಕೆ ಎದುರಾಗಿ ಕಿಟಕೀಲಿ ಯಂತ್ರ ಇಟ್ಕೊಂಡು ಹೊಲೀತಿದ್ಲು. ಇವನಿಗೆ ಇಲ್ಲಿ ಬೆಳಕು ಚೆನ್ನಾಗಿದೆ! ಹೇಗಿದ್ದೀರಿ ಇಲ್ಲ, ಕ್ಷಮಿಸು ಇಲ್ಲ, ವಿಳಾಸ ಇಲ್ಲ. ಆ ಎರಡು ಸಾಲು ಓದಿದ ದಿನ ನನಗೆ ಅಳು ಬರ್ಲಿಲ್ಲ ಯಜಮಾನ್ರೇ, ಹಸಿವು ಬಂತು. ಎದುರಿಗೆ ಸಿಕ್ಕಿದ್ರೆ ಹಸೀದೇ ತಿನ್ನೋಷ್ಟು ಹಸಿವು.

ಅಮ್ಮನಿಗ್ಯಾಕೆ ಬರೆದ್ರು ಅಂತ ನೋಡ್ತಿದ್ದೀರಿ. ಬಾಡಿಗೆ ಮನೆ ಯಜಮಾನಿ ಅಲ್ವಾ? ಬರೀಬಾರದಾ? ಅದೇ... ಬರೀಬಾರದಾ.

ಸರಿ, ಇನ್ನು ಮುಚ್ಚುಮರೆ ಬೇಡ. ನೋಡಿ, ನಾನು ಸ್ಟೇಷನ್ ಗೋಡೆ ಕೇಳಿದ್ದು ಇದಕ್ಕೆ. ಅವನು ಈ ಊರಲ್ಲಿದ್ದಾನೆ. ಯಾವುದೋ ಬೀದೀಲಿ ಯಾವುದೋ ಮನೇಲಿ ಮರ್ಯಾದಸ್ಥನ ಹಾಗೆ ಬದುಕ್ತಿದ್ದಾನೆ. ಸೋಮವಾರದಿಂದ ಹತ್ತು ದಿನ, ದಿನಾ ಸಾವಿರಾರು ಜನ ಈ ಮುಖ ನೋಡ್ತಾರೆ. ಒಬ್ಬ ಅಂತಾನೆ, 'ಅರೆ, ಇವನು ನಮ್ಮ ಬೀದಿ ಮುದುಕ ಅಲ್ವಾ, ನಾಯಿ ಪ್ಯಾಂಟು ಎಳೀತಿದೆ ನೋಡು!' ಇನ್ನೊಬ್ಬ ಮನೆಗೆ ಹೋಗಿ ಹೇಳ್ತಾನೆ. ಅವನು ಹಾಲು ತರೋಕೆ ಹೋದ್ರೆ ಹಾಲಿನವನು ನಗ್ತಾನೆ. ಕ್ಷೌರಕ್ಕೆ ಕೂತ್ರೆ ಕ್ಷೌರಿಕ ನಗ್ತಾನೆ. ಸುತ್ತಾಡ್ತಾನಲ್ಲ, ಸುತ್ತಾಡ್ಲಿ! ಯಾವ ಬೀದಿಗೆ ಹೋದ್ರೂ ಅವನಿಗಿಂತ ಮುಂಚೆ ಅವನ ಮುಖ ಹೋಗಿರುತ್ತೆ. ಉಪ್ಪು ತಿಂದವನು ನೀರು ಕುಡೀಲೇಬೇಕು. ಆಮೇಲೆ ಒಂದು ದಿನ ಅವನೇ ಸ್ಟೇಷನ್ನಿಗೆ ಬರ್ತಾನೆ, ಯಾರು ಮಾಡಿದ್ದು ಇದು ಅಂತ ಕೇಳೋಕೆ. ನಾನು ಅಲ್ಲೇ ಕಟ್ಟೆ ಮೇಲೆ ಕೂತಿರ್ತೀನಿ.

ಈಗ ನಿಜ ಹೇಳಿ. ನಾನು ಈ ಊರಿನ ಏಳು ಚೌಕಟ್ಟಿನಂಗಡಿ ಬಿಟ್ಟು ನಿಮ್ಮ ಹತ್ರ ಬಂದಿದ್ದು ಸುಮ್ಮನೆ ಅಲ್ಲ. ಕುಂಚ ಹಿಡಿದವನು ಈ ಊರಲ್ಲಿ ಒಂದಲ್ಲ ಒಂದಿನ ನಿಮ್ಮ ಅಂಗಡಿಗೆ ಬಂದೇ ಬಂದಿರ್ತಾನೆ ಅಂತಾರೆ. ನಲವತ್ತು ವರ್ಷದಲ್ಲಿ... ಈ ಮನುಷ್ಯನ್ನ ನೋಡಿದ್ದೀರಾ?

ಇದನ್ನ ನೋಡಿ, ಇದರಲ್ಲಿ ಮುಖ ದೊಡ್ಡದಾಗಿದೆ. ಒಂಬತ್ತನೇದು. ನದಿ ಕಟ್ಟೆ ಮೇಲಿನ ಬೆಂಚು. ಇಲ್ಲಿ ನಾಯಿ ಇಲ್ಲ, ನಗೋರಿಲ್ಲ. ಮೂರು ಜನ ಕೂರೋ ಬೆಂಚು, ಒಬ್ಬನೇ ಕೂತಿದ್ದಾನೆ. ಎದುರಿಗೆ ಬೇಕಾದಷ್ಟು ಬೆಳಕು ಸುರಿದಿದ್ದೀನಿ, ತಗೋ ಅಂತ! ಇದು ನಗೋಕಲ್ಲ. ಇದು ಅವನೊಬ್ಬನಿಗೆ.

ನಿಧಾನವಾಗಿ ನೋಡಿ. ವಯಸ್ಸು ಸೇರಿಸಿದ್ದೀನಿ, ಈಗ ಅರವತ್ತು ದಾಟಿರ್ಬೇಕು. ತಲೆ ಬೆಳ್ಳಗೆ ಮಾಡಿದೆ, ಕೆನ್ನೆ ಒಳಗೆ ತಗೊಂಡೆ. ಉಳಿದದ್ದೆಲ್ಲ ಇದ್ದ ಹಾಗೇ. ಒಂದು ಗೆರೆ ಆಚೀಚೆ ಇಲ್ಲ. ನೆನಪಿಂದ! ಫೋಟೋ ಇಟ್ಕೊಂಡು ಬರೆಯೋ ಜಾತಿ ಅಲ್ಲ ನಾನು. ದ್ವೇಷ ಇದ್ರೆ ಫೋಟೋ ಯಾಕೆ ಬೇಕು? ಕಣ್ಣು ಮುಚ್ಚಿದ್ರೆ ಸಾಕು, ಎದುರಿಗೆ ಬಂದು ನಿಲ್ತಾನೆ.

ಆ... ನೀವು... ನಿಮಗೆ ಗೊತ್ತು! ಇಲ್ಲ, ಸುಳ್ಳು ಹೇಳಬೇಡಿ, ನಿಮ್ಮ ಮುಖ ಬದಲಾಯ್ತು. ಗುರುತು ಸಿಕ್ಕಿದೆ ನಿಮಗೆ. ಎಲ್ಲಿ ನೋಡಿದ್ರಿ? ಯಾವ ಬೀದಿ? ಹೇಳಿ ಯಜಮಾನ್ರೇ, ಪುಸ್ತಕ ಇಲ್ಲೇ ಇದೆ, ನಾನು ಈಗಲೇ... ನಿಮ್ಮ ಗೆಳೆಯನಾ? ಗೆಳೆಯನಾದ್ರೆ ಹೇಳಿ, ನಿಮ್ಮ ಹೆಸರು ಎತ್ತಲ್ಲ, ನನ್ನಾಣೆಗೂ ಎತ್ತಲ್ಲ.

ಚಿತ್ರ ನೋಡಿ ಅಂದ್ರೆ ನನ್ನ ಯಾಕೆ ನೋಡ್ತೀರಿ?

ಮತ್ತೆ ಚಿತ್ರ. ಮತ್ತೆ ನಾನು. ಏನಿದು ಆಟ? ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ... ಬದುಕಿದ್ದಾನಾ ಅಷ್ಟಾದ್ರೂ ಹೇಳಿ! ತಲೆ ಆಡಿಸಿದ್ರೂ ಸಾಕು. ಆಡಿಸಲ್ವಾ? ಎಲ್ಲ ಗಂಡಸರೂ ಒಂದೇ ಕಣ್ರೀ, ಒಬ್ಬ ಓಡಿಹೋದ್ರೆ ಇನ್ನೊಬ್ಬ ಬಾಗಿಲು ಕಾಯ್ತಾನೆ. ಕೊಡಿ ನನ್ನ ಚಿತ್ರ. ಕೊಡಿ! ಬೇರೆ ಅಂಗಡಿ...

ಹುಬ್ಬಿನ ಮೇಲೆ ಯಾಕೆ ಬೆರಳು ಇಟ್ಕೊಂಡ್ರಿ?

ಏನಾಗಿದೆ ಹುಬ್ಬಿಗೆ? ಅವನ ಹುಬ್ಬು... ಮಧ್ಯದಲ್ಲಿ ಕೂದಲಿಲ್ಲದ ಒಂದು ಗೀಟು. ಹೂಂ, ಇದೆ. ಒಂಬತ್ತರಲ್ಲೂ ಇದೆ. ಅವನಿಗೆ ಇತ್ತು ಅದು. ಇತ್ತು. ಅದು ಅವನಿಗೆ...

ಇಲ್ಲ.

ಇದು ನನಗೆ ಆಗಿದ್ದು. ನೋಡಿ, ಇಲ್ಲಿ. ಏಣಿ ಜಾರಿ, ಗೋಡೆ ಬರಹ ಬರೆಯೋವಾಗ. ಹದಿನೈದು ವರ್ಷ ನನಗೆ. ಅವನು ಹೋಗಿ ಆರು ವರ್ಷ ಆದ ಮೇಲೆ.

ಆ ಗಾಜು ಸ್ವಲ್ಪ ಈ ಕಡೆ ವಾಲಿಸಿ. ಇನ್ನೂ ಸ್ವಲ್ಪ. ಸಾಕು... ನನಗೆ ಎಡಕ್ಕೆ, ಅವನಿಗೆ ಬಲಕ್ಕೆ. ಕನ್ನಡಿ. ತಪ್ಪು ಕಾಣಲಿ ಅಂತ ಚಿತ್ರದ ಪಕ್ಕ ಕನ್ನಡಿ ಇಟ್ಕೊಂಡು ಬರೀತೀನಿ ನಾನು. ಚಿತ್ರಾನ ತಿರುಗಿಸಿ ನೋಡೋಕೆ. ಕಣ್ಣು ಮುಚ್ಚಿ ಅವನನ್ನ ನೆನೆಸ್ಕೋತಿದ್ದೆ, ಕಣ್ಣು ಬಿಟ್ಟು ಬರೀತಿದ್ದೆ... ಮೂಗು. ಮೂಗು ನನ್ನದು. ಈ ಗಲ್ಲ ನನ್ನದು. ದೇವರೇ, ಬಿಳಿ ಕೂದಲು ಹಾಕಿ ನಾಯಿ ಬಾಯಿಗೆ ಕೊಟ್ಟಿದ್ದು ನನ್ನನ್ನೇ.

ಹೂಂ. ಅಪ್ಪ. ಗುರುವೂ ಅಲ್ಲ ಗಿರುವೂ ಅಲ್ಲ, ಅಪ್ಪ. ನಿಮಗೆ ಆಗಲೇ ತಿಳಿದಿತ್ತು ಅಲ್ವಾ? ತಿಳಿದೂ ಸುಮ್ಮನೆ ಅಳತೆ ತಗೋತಿದ್ರಿ. ಆದ್ರೆ ಇನ್ನೊಂದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ... ಇಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂತ ಇದ್ದೆ. ಅವನ ಮುಖ ನನಗೆ ನೆನಪಿಲ್ಲ. ಇಲ್ಲ ಅಂದ್ರೆ ಇಲ್ಲವೇ ಇಲ್ಲ. ಒದ್ದೆ ಕೂದಲು ಗೊತ್ತು. ಕಿಟಕಿ ಹತ್ರ ಬೆನ್ನು ಗೊತ್ತು. ಮನೇಲಿದ್ದ ಒಂದೇ ಫೋಟೋನ ಅಮ್ಮ ಹೊಲಿಗೆ ಕತ್ತರೀಲಿ ಕತ್ತರಿಸಿಬಿಟ್ಟಿದ್ಲು. ಅವಳ ಭುಜದ ಮೇಲೆ ನಾಲ್ಕು ಬೆರಳು ಉಳಿದಿದ್ವು. ಆ ಬೆರಳು ಬೇಕಾದ್ರೆ ಬರೀತೀನಿ, ಉಗುರಿನ ಸಮೇತ. ಅದರ ಮೇಲೆ ಏನಿತ್ತು ಅಂತ ಕೇಳಬೇಡಿ.

ನಾಲ್ಕು ತಿಂಗಳು ಯಜಮಾನ್ರೇ! ಬೀದಿ ಬೀದಿ. ಎದುರಿಗೆ ಬಂದ ಪ್ರತಿಯೊಬ್ಬ ಮುದುಕನ ಮುಖ ನೋಡಿದೆ, ಇವನಲ್ಲ ಅಂದ್ಕೊಂಡೆ, ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಎಷ್ಟು ಜನಕ್ಕೆ ದಾರಿ ಬಿಟ್ಟೆ ನಾನು! ಸೇತುವೆ ಮೇಲೆ ಒಬ್ಬರ ಕೈಯಿಂದ ಊರುಗೋಲು ಬಿತ್ತು, ಬಗ್ಗಿ ಎತ್ತಿಕೊಟ್ಟೆ. 'ದೇವರು ಒಳ್ಳೇದು ಮಾಡ್ಲಿ' ಅಂದ್ರು. ನಾನು ಮುಖ ನೋಡಿ ನಕ್ಕು ಬಂದೆ...

ಇಷ್ಟೊತ್ತು ನೀವು ಬಾಯಿ ಬಿಟ್ರೆ ಮೇಲೆ ಬೀಳ್ತಿದ್ದೆ, ಈಗ ಬೈದ್ರೂ ಕೇಳಿಸ್ಕೋತೀನಿ.

ಬೇಡ. ಆ ಚಿತ್ರಗಳನ್ನ ಬಟ್ಟೇಲಿ ಸುತ್ತಬೇಡಿ. ಬಿಚ್ಚಿಡಿ. ನಾನು ವಾಪಸ್ ತಗೊಂಡು ಹೋಗಲ್ಲ. ಚೌಕಟ್ಟು ಹಾಕಿ, ಒಂಬತ್ತಕ್ಕೂ ಹಾಕಿ, ಸೋಮವಾರ ಅದೇ ಗೋಡೆಗೆ ಹಾಕ್ತೀನಿ. ಇಡೀ ಊರು ನನ್ನ ಮುಖ ನೋಡಿ ನಗ್ಲಿ, ನಾನೇನು ಕರಗಲ್ಲ. ನಾನು ಅವನ ಮುಖ ಮರೆತೆ, ಒಂಬತ್ತು ವರ್ಷದ ಮಗು ನಾನು, ಮರೀಬಹುದು. ಅವನು ದೊಡ್ಡವನು. ಟಿಕೆಟ್ ತಗೊಳ್ಳೋಕೆ ಸಾಲಲ್ಲಿ ನಿಂತು ತಲೆ ಎತ್ತಿ ನೋಡ್ಲಿ. ನನ್ನ ಮುಖ ಅವನಿಗಾದ್ರೂ ನೆನಪಿದೆಯಾ... ಅದನ್ನ ನಾನು ಅಲ್ಲೇ ಕೂತು ನೋಡ್ಬೇಕು.